ಮೂರು ತಿಂಗಳ ಮಾತು: ಸದ್ದಿಲ್ಲದ ವಂತಿಗೆ

ಸಂಘವೊಂದನ್ನು ನಡೆಯಿಸುವುದೆಂದರೆ ಏನೆಂಬುದನ್ನು ಹೊರನಾಡಿನಲ್ಲಿ ನೆಲಸಿದ ಕನ್ನಡಿಗರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ರಾಜ್ಯೋತ್ಸವ ಹತ್ತಿರ ಬಂದಿತೆಂದರೆ ಒಬ್ಬರು ಸಭಾಗೃಹ ಗೊತ್ತುಮಾಡುತ್ತಾರೆ. ಒಬ್ಬರು ಖರ್ಚಿಗೆ ಹಣ ಹೊಂದಿಸುತ್ತಾರೆ. ಒಬ್ಬರು ಮಕ್ಕಳನ್ನು ಕೂಡಿಸಿಕೊಂಡು ನಾಟಕ ಕಲಿಸುತ್ತಾರೆ. ಏನೂ ಕೊಡಲಾಗದವರು ಜಮಖಾನ ಹಾಸಿ, ಪಂಕ್ತಿಯಲ್ಲಿ ಬಡಿಸಿ, ಕಡೆಯ ಪಾತ್ರೆ ತೊಳೆಯುವತನಕ ನಿಲ್ಲುತ್ತಾರೆ. ಇವರೆಲ್ಲರ ವಂತಿಗೆಯೂ ಲೆಕ್ಕದ ಪುಸ್ತಕದಲ್ಲಿ ಬರುವುದಿಲ್ಲ. ಪಕ್ಕದ ಮನೆಯ ಮರಾಠಿ ಬಾಂಧವರು ನಮ್ಮ ಧ್ವನಿವರ್ಧಕದ ಸದ್ದನ್ನು ರಾತ್ರಿ ಹತ್ತು ಗಂಟೆಯವರೆಗೆ ಸಹಿಸಿಕೊಳ್ಳುತ್ತಾರಲ್ಲ, ಅದೂ ಒಂದು ವಂತಿಗೆಯೇ ಸರಿ. ಅದಕ್ಕೆ ಮಾತ್ರ ಯಾವ ಖಜಾಂಚಿಯೂ ರಸೀತಿ ಬರೆದುಕೊಡುವುದಿಲ್ಲ.

ವಿಜ್ಞಾನದ ದೊಡ್ಡ ಕೆಲಸಗಳು ಈಗ ಹೆಚ್ಚುಕಡಿಮೆ ಹೀಗೆಯೇ ನಡೆಯುತ್ತಿವೆ. ಒಬ್ಬ ಪಂಡಿತನು ತನ್ನ ಕೋಣೆಯಲ್ಲಿ ಒಂಟಿಯಾಗಿ ಕುಳಿತು ಲೋಕವನ್ನೇ ಬೆರಗುಗೊಳಿಸುವ ಕಾಲವು ಪೂರ್ತಿ ಹೋಗಿಲ್ಲವಾದರೂ, ಕೆಲವು ಪ್ರಶ್ನೆಗಳು ಒಬ್ಬನ ಕೈಗೂ, ಒಂದು ದೇಶದ ಬೊಕ್ಕಸಕ್ಕೂ ಮೀರಿದವು. ಅಲ್ಲಿ ವಿಶ್ವವಿದ್ಯಾಲಯವು ಬುದ್ಧಿಯನ್ನೂ, ಕಾರ್ಖಾನೆಯು ಕೈಕುಶಲವನ್ನೂ, ಸರ್ಕಾರವು ನೆಲ ಮತ್ತು ಹಣವನ್ನೂ ಒದಗಿಸಬೇಕು. ಅದೂ ನಾಲ್ಕಾರು ದೇಶಗಳು ಕೂಡಿ. ಇಂಥ ಎರಡು ಕೂಡು ಕೆಲಸಗಳು ನಮ್ಮ ಎರಡೂ ಊರುಗಳ ನೆರೆಯಲ್ಲಿಯೇ ಇವೆಯೆಂಬುದು ನಮ್ಮ ಎಷ್ಟು ಕುಟುಂಬಗಳಿಗೆ ಗೊತ್ತಿದೆ? ಒಂದು, ನಾಸಿಕದಿಂದ ಪುಣೆಗೆ ಹೋಗುವ ದಾರಿಯ ಖೋಡದ ಗ್ರಾಮದಲ್ಲಿ. ಇನ್ನೊಂದು, ಛತ್ರಪತಿ ಸಂಭಾಜಿನಗರದಿಂದ ಜಾಲನಾ, ಜಿಂತೂರು ದಾಟಿ ಸುಮಾರು 200 ಕಿಲೋಮೀಟರು ಹೋದರೆ ಸಿಕ್ಕುವ ಔಂಢಾ ನಾಗನಾಥದಲ್ಲಿ. ಈ ಸಲದ ನಮ್ಮ ಮಾತು ಇವೆರಡನ್ನು ಕುರಿತದ್ದು. ಮತ್ತು ಅವುಗಳ ಲೆಕ್ಕದ ಪುಸ್ತಕದಲ್ಲಿ ಹೆಸರು ಬಾರದ ಒಂದು ವಂತಿಗೆಯನ್ನು ಕುರಿತದ್ದು.

ಹಳೆಯ ಪಾಠ

ಕನ್ನಡಿಗರಿಗೆ ಈ ಪದ್ಧತಿ ಹೊಸದೇನೂ ಅಲ್ಲ. ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯು 1909ರಲ್ಲಿ ಹುಟ್ಟಿದ ಬಗೆಯನ್ನು ನೆನೆಯಬಹುದು. ಜಮ್‌ಶೇಟ್‌ಜಿ ಟಾಟಾ ಎಂಬ ಉದ್ಯಮಿಯು ತನ್ನ ಆಸ್ತಿಯ ಒಂದು ಭಾಗವನ್ನು ಅದಕ್ಕೆಂದು ಎತ್ತಿಟ್ಟನು. ಮೈಸೂರು ಸಂಸ್ಥಾನವು 371 ಎಕರೆ ನೆಲವನ್ನು ಕೊಟ್ಟಿತು. ಅಂದಿನ ಭಾರತ ಸರ್ಕಾರವು ನೆರವು ನೀಡಿತು. ಟಾಟಾ ಅವರು 1904ರಲ್ಲಿಯೇ ತೀರಿಕೊಂಡರು. ತಾವು ನೆಟ್ಟ ಗಿಡದ ಒಂದು ಎಲೆಯನ್ನೂ ಅವರು ಕಾಣಲಿಲ್ಲ. ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು 1945ರಲ್ಲಿ ಕಣ್ಣು ತೆರೆದದ್ದು ಇದೇ ಬೆಂಗಳೂರಿನ ಆವರಣದಲ್ಲಿ. ಅದೇ ವರ್ಷ ಅದು ಮುಂಬಯಿಗೆ ಹೋಯಿತು. ಆ ಮುಂಬಯಿಯ ಸಂಸ್ಥೆಯ ಒಂದು ಕೊಂಬೆಯೇ ಮುಂದೆ ಖೋಡದದಲ್ಲಿ ಬೇರುಬಿಟ್ಟಿತು. ಹೀಗೆ ನೋಡಿದರೆ ನಾಸಿಕದ ದಾರಿಯಲ್ಲಿರುವ ಆ ಯಂತ್ರಕ್ಕೂ ನಮ್ಮ ನಾಡಿಗೂ ಹಳೆಯ ನಂಟುಂಟು.

ಖೋಡದದ ಬಾಣಲೆಗಳು

ನಾಸಿಕದಿಂದ ಹೊರಟು ಸಿನ್ನರ, ಸಂಗಮನೇರ, ಆಳೆಫಾಟಾ ದಾಟಿದರೆ ನಾರಾಯಣಗಾಂವ ಬರುತ್ತದೆ. ದ್ರಾಕ್ಷಿಗೂ ಟೊಮೇಟೋಗೂ ತಮಾಶಾ ಮಂಡಳಿಗಳಿಗೂ ಹೆಸರಾದ ಊರು. ಅಲ್ಲಿಂದ ಒಳದಾರಿ ಹಿಡಿದರೆ ಹೊಲಗಳ ನಡುವೆ ಆಕಾಶಕ್ಕೆ ಬಾಯಿ ತೆರೆದು ನಿಂತ ಹಿರಿಯ ಬಾಣಲೆಗಳು ಕಾಣುತ್ತವೆ. ಒಂದೊಂದರ ಅಗಲವೂ 45 ಮೀಟರು, ಅಂದರೆ ಸುಮಾರು 150 ಅಡಿ. ಇಂಥವು ಒಟ್ಟು 30. ಹದಿನಾಲ್ಕು ಒಂದೆಡೆ ಗುಂಪಾಗಿವೆ. ಉಳಿದ ಹದಿನಾರು ಮೂರು ಕವಲುಗಳಾಗಿ ಹಳ್ಳಿಹಳ್ಳಿಗಳ ಮೇಲೆ ಹಾಯ್ದು ಸುಮಾರು 25 ಕಿಲೋಮೀಟರು ಹರಡಿವೆ. ಮೂವತ್ತೂ ಸೇರಿ ಒಂದೇ ಯಂತ್ರ. ಒಂದೇ ದೊಡ್ಡ ರೇಡಿಯೋ ದೂರದರ್ಶಕ. 2001ರಲ್ಲಿ ಇದನ್ನು ಲೋಕದ ವಿಜ್ಞಾನಿಗಳ ಬಳಕೆಗೆ ಅರ್ಪಿಸಲಾಯಿತು.

ಇದನ್ನು ಕಟ್ಟಿದ ಗೋವಿಂದ ಸ್ವರೂಪ್ ಅವರು (1929–2020) ಅದಕ್ಕೂ ಮೊದಲು ಉದಕಮಂಡಲದ ಬೆಟ್ಟದ ಇಳಿಜಾರಿನಲ್ಲಿ 530 ಮೀಟರು ಉದ್ದದ ಒಂದು ದೂರದರ್ಶಕವನ್ನು ನಿಲ್ಲಿಸಿ 1970ರಲ್ಲಿ ನಡೆಯಿಸಿ ತೋರಿದವರು. ಕೈಯಲ್ಲಿ ಹಣ ಕಡಿಮೆ, ಆಸೆ ದೊಡ್ಡದು. ಇಂಥ ಸಂಸಾರವನ್ನು ಹೇಗೆ ತೂಗಿಸಬೇಕೆಂಬುದನ್ನು ನಮ್ಮ ಗೃಹಿಣಿಯರು ಬಲ್ಲರು. ಸ್ವರೂಪರೂ ಬಲ್ಲವರಾಗಿದ್ದರು. ಲೋಹದ ಗಟ್ಟಿ ತಗಡಿನಿಂದ ಬಾಣಲೆ ಮಾಡಿದರೆ ಗಾಳಿಯ ಹೊಡೆತವನ್ನು ತಡೆಯಲು ಅದರ ಕಂಬಗಳೂ ಅಷ್ಟೇ ಬಲವಾಗಿರಬೇಕು, ವೆಚ್ಚ ಕೈಮೀರುತ್ತದೆ. ಅವರು ತೆಳುವಾದ ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಬಲೆಯನ್ನು ಹಗ್ಗದಂಥ ತಂತಿಗಳ ಮೇಲೆ ಬಿಗಿದು ಕಟ್ಟಿಸಿದರು. ಉದ್ದ ಅಲೆಯ ರೇಡಿಯೋ ಕಿರಣಕ್ಕೆ ಆ ಬಲೆಯೇ ಕನ್ನಡಿ. ಗಾಳಿಗೆ ಮಾತ್ರ ಅದು ತೆರೆದ ಬಾಗಿಲು. ಪುಣೆ ಮುಂಬಯಿಗಳ ಇಂಜಿನಿಯರರೂ ಕಾರ್ಖಾನೆಗಳೂ ವಿಜ್ಞಾನಿಗಳ ಪಕ್ಕದಲ್ಲಿ ನಿಂತು ಮಾಡಿದ ಕೆಲಸ ಇದು.

ಇನ್ನು ಇದರ ಬಳಕೆಯ ಕ್ರಮವನ್ನು ನೋಡಿರಿ. ಯಾವ ದೇಶದ ವಿಜ್ಞಾನಿಯಾದರೂ ತಾನು ಏನನ್ನು ನೋಡಬೇಕೆಂದಿರುವೆನೆಂದು ಬರೆದು ಅರ್ಜಿ ಹಾಕಬಹುದು. ತಿಳಿದವರ ಸಮಿತಿಯು ಪ್ರಶ್ನೆಯ ತೂಕವನ್ನು ನೋಡಿ ಸಮಯ ಹಂಚುತ್ತದೆ. 2023ರ ಜೂನ್ ತಿಂಗಳ ಸುದ್ದಿಯೊಂದು ಈ ಸಹಕಾರಕ್ಕೆ ಒಳ್ಳೆಯ ನಿದರ್ಶನ. ಆಕಾಶದಲ್ಲಿ ಪಲ್ಸಾರ್ ಎಂಬ ಸತ್ತ ನಕ್ಷತ್ರಗಳು ಬುಗುರಿಯಂತೆ ತಿರುಗುತ್ತ, ಸಮುದ್ರತೀರದ ದೀಪಸ್ತಂಭದಂತೆ ಕಾಲಕಾಲಕ್ಕೆ ರೇಡಿಯೋ ಮಿಂಚನ್ನು ಬೀರುತ್ತವೆ. ಕೆಲವು ಸೆಕೆಂಡಿಗೆ ನೂರಾರು ಸಲ ತಿರುಗುವವು. ಇವು ನಿಸರ್ಗವೇ ನಡೆಸುವ ಗಡಿಯಾರಗಳು. ನಮಗೂ ಅವಕ್ಕೂ ನಡುವಣ ಆಕಾಶವೇ ಅಲುಗಿದರೆ ಈ ಗಡಿಯಾರಗಳ ಟಿಕ್ ಟಿಕ್ ತುಸು ಹಿಂದುಮುಂದಾಗಬೇಕು. ಜರ್ಮನಿ, ಇಂಗ್ಲೆಂಡು, ಫ್ರಾನ್ಸ್, ಇಟಲಿ, ಹಾಲೆಂಡ್ ದೇಶಗಳ ದೂರದರ್ಶಕಗಳು ಸುಮಾರು 25 ವರ್ಷ ಕಾದು ಕೂಡಿಸಿದ ಲೆಕ್ಕಕ್ಕೆ ಖೋಡದದ ಲೆಕ್ಕವನ್ನೂ ಸೇರಿಸಿ ನೋಡಿದಾಗ, 25 ಪಲ್ಸಾರುಗಳ ನಡೆಯಲ್ಲಿ ಅಂಥ ಅಲುಗಾಟದ ಕುರುಹು ಕಂಡುಬಂದಿತು. ಖೋಡದದ ಲೆಕ್ಕವನ್ನು ಕೂಡಿಸಿದ ತಂಡದಲ್ಲಿ ಭಾರತದವರೊಡನೆ ಜಪಾನಿನವರೂ ಇದ್ದರು. ಅಮೇರಿಕ, ಆಸ್ಟ್ರೇಲಿಯ, ಚೀನಗಳ ತಂಡಗಳೂ ಅದೇ ಹೊತ್ತಿಗೆ ಇಂಥದೇ ಕುರುಹನ್ನು ಬೇರೆಬೇರೆಯಾಗಿ ಪ್ರಕಟಿಸಿದವು.

ಮುಂದಿನ ಹೆಜ್ಜೆ ಇನ್ನೂ ದೊಡ್ಡದು. ಆಸ್ಟ್ರೇಲಿಯ ಮತ್ತು ದಕ್ಷಿಣ ಆಫ್ರಿಕಗಳ ನಿರ್ಜನ ಬಯಲುಗಳಲ್ಲಿ ಹಲವು ದೇಶಗಳು ಕೂಡಿ ಚದರ ಕಿಲೋಮೀಟರ್ ದೂರದರ್ಶಕ ಎಂಬುದನ್ನು ಕಟ್ಟುತ್ತಿವೆ. ಅದರ ಆಡಳಿತ ಕಚೇರಿ ಇಂಗ್ಲೆಂಡಿನಲ್ಲಿದೆ. ಇದರಲ್ಲಿ ಪಾಲುಗೊಳ್ಳಲು ಭಾರತ ಸರ್ಕಾರವು 1,250 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಆ ಯಂತ್ರಕ್ಕೆ ನರಮಂಡಲದಂತಿರುವ ನಿಯಂತ್ರಣ ವ್ಯವಸ್ಥೆಯನ್ನು ರೂಪಿಸುವ ಕೆಲಸದಲ್ಲಿ ಪುಣೆಯ ವಿಜ್ಞಾನಿಗಳೂ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್‌ನಂಥ ಉದ್ಯಮದವರೂ ಒಂದೇ ಮೇಜಿಗೆ ಕುಳಿತಿದ್ದಾರೆ. ನಮ್ಮ ಮಕ್ಕಳು ಸಾಫ್ಟ್‌ವೇರ್ ಕಲಿತರೆ ಪರದೇಶದ ಬ್ಯಾಂಕಿನ ಲೆಕ್ಕವನ್ನೇ ಬರೆಯಬೇಕೆಂಬ ನಿಯಮವಿಲ್ಲ. ನಕ್ಷತ್ರಗಳ ಲೆಕ್ಕ ಬರೆಯುವ ಉದ್ಯೋಗವೂ ಉಂಟು.

ನಾಗನಾಥನ ನೆರೆಯಲ್ಲಿ

ತ್ರ್ಯಂಬಕೇಶ್ವರ, ಘೃಷ್ಣೇಶ್ವರ, ಔಂಢಾ ನಾಗನಾಥ. ಊರಿನಿಂದ ಅತ್ತೆಮಾವಂದಿರು ಬಂದರೆ ಈ ಮೂರನ್ನೂ ತೋರಿಸಿಕೊಂಡು ಬರುವುದು ನಮ್ಮ ಮನೆಗಳಲ್ಲಿ ನಡೆದುಬಂದ ರೂಢಿ. ಘೃಷ್ಣೇಶ್ವರದ ಪಕ್ಕದಲ್ಲಿಯೇ ರಾಷ್ಟ್ರಕೂಟರ ಒಂದನೆಯ ಕೃಷ್ಣನು ಎಂಟನೆಯ ಶತಮಾನದಲ್ಲಿ ಕೊರೆಯಿಸಿದ ವೇರೂಳದ ಕೈಲಾಸವನ್ನು ಕಂಡು, ಇದು ನಮ್ಮವರ ಕಾಲದ್ದೆಂದು ಮಕ್ಕಳಿಗೆ ಹೇಳಿ ಎದೆಯುಬ್ಬಿಸುವುದೂ ಉಂಟು. ಇನ್ನು ಮುಂದೆ ಹಿಂಗೋಲಿ ಜಿಲ್ಲೆಯ ನಾಗನಾಥಕ್ಕೆ ಹೋದಾಗ ಹೇಳಲು ಇನ್ನೊಂದು ಕಥೆಯಿದೆ. ಅಲ್ಲಿ ಲೈಗೋ ಎಂಬ ಯಂತ್ರಕ್ಕೆ ಸುಮಾರು 174 ಎಕರೆ ನೆಲವನ್ನು ಗೊತ್ತುಮಾಡಲಾಗಿದೆ.

ಐನ್‌ಸ್ಟೈನನು 1916ರಲ್ಲಿ, ಭಾರವಾದ ಕಾಯಗಳು ಒಂದನ್ನೊಂದು ಸುತ್ತಿ ಬಡಿದುಕೊಂಡಾಗ ಆಕಾಶದ ಹಂದರದಲ್ಲಿಯೇ ಅಲೆಗಳೇಳುವುವೆಂದು ಲೆಕ್ಕ ಹಾಕಿದನು. ಅವನ್ನು ಹಿಡಿಯಲು ನೂರು ವರ್ಷ ಬೇಕಾಯಿತು. ಅಮೇರಿಕದ ಹ್ಯಾನ್‌ಫರ್ಡ್ ಮತ್ತು ಲಿವಿಂಗ್‌ಸ್ಟನ್ ಎಂಬ ಎರಡು ಕಡೆ, ಮೂರು ಸಾವಿರ ಕಿಲೋಮೀಟರು ಅಂತರದಲ್ಲಿ, ಎರಡು ಯಂತ್ರಗಳಿವೆ. ಒಂದೊಂದಕ್ಕೂ ಬಡಗಿಯ ಮೂಲೆಮಟ್ಟದ ಆಕಾರದಲ್ಲಿ ಎರಡು ತೋಳುಗಳು. ಒಂದೊಂದು ತೋಳೂ 4 ಕಿಲೋಮೀಟರು ಉದ್ದ. ಮೂಲೆಯಲ್ಲಿ ಲೇಸರ್ ಬೆಳಕನ್ನು ಎರಡಾಗಿ ಸೀಳಿ ಎರಡೂ ತೋಳುಗಳಿಗೆ ಕಳುಹಿಸುತ್ತಾರೆ. ತುದಿಯ ಕನ್ನಡಿಗಳಿಗೆ ತಾಗಿ ಅದು ಹಿಂದಿರುಗುತ್ತದೆ. ಆಕಾಶದ ಅಲೆ ಹಾದುಹೋದಾಗ ಒಂದು ತೋಳು ತುಸು ಹಿಗ್ಗಿ ಇನ್ನೊಂದು ತುಸು ಕುಗ್ಗುತ್ತದೆ. ಹಿಂದಿರುಗಿದ ಬೆಳಕುಗಳ ತಾಳ ತಪ್ಪುತ್ತದೆ. ಆ ತುಸು ಎಷ್ಟೆಂದು ಕೇಳುವಿರಾ? ಪರಮಾಣುವಿನ ಒಡಲಿನಲ್ಲಿರುವ ಒಂದು ಪ್ರೋಟಾನಿನ ಅಗಲದ ನೂರಾರು ಪಾಲುಗಳಲ್ಲಿ ಒಂದು ಪಾಲು! 2015ರ ಸೆಪ್ಟೆಂಬರ್ 14ರಂದು ಅಂಥ ತಾಳತಪ್ಪು ಎರಡೂ ಕಡೆ, ಸೆಕೆಂಡಿನ ಸಾವಿರದಲ್ಲಿ ಏಳು ಪಾಲಿನ ಅಂತರದಲ್ಲಿ, ದಾಖಲಾಯಿತು. ನೂರಮೂವತ್ತು ಕೋಟಿ ಜ್ಯೋತಿರ್ವರ್ಷಗಳಾಚೆ ಎರಡು ಕಪ್ಪುಕುಳಿಗಳು ಒಂದಾದ ಸುದ್ದಿಯದು.

ಈ ಸುದ್ದಿಯನ್ನು ಗುರುತಿಸುವ ವಿದ್ಯೆಯಲ್ಲಿ ನಮ್ಮವರ ಪಾಲು ಸಣ್ಣದಲ್ಲ. ಬೆಂಗಳೂರಿನಲ್ಲಿ 1938ರಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ ಅವರು ಕನ್ನಡದ ಹಿರಿಯ ಲೇಖಕ ಸಿ. ಕೆ. ವೆಂಕಟರಾಮಯ್ಯನವರ ಮಗ. ಗಂಟೆಯನ್ನು ಬಡಿದರೆ ಅದರ ನಾದವು ಹೇಗೆ ಕ್ರಮವಾಗಿ ಕ್ಷೀಣಿಸುವುದೋ, ಹಾಗೆ ಕಪ್ಪುಕುಳಿಯನ್ನು ಕದಲಿಸಿದರೆ ಅದೂ ತನ್ನದೇ ಸ್ವರದಲ್ಲಿ ಮಿಡಿದು ಶಾಂತವಾಗುವುದೆಂದು ಅವರು 1970ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದರು. 2015ರ ದಾಖಲೆಯ ಕೊನೆಯಲ್ಲಿ ಕಂಡದ್ದು ಆ ಮಿಡಿತವೇ. ಬೆಂಗಳೂರಿನ ನೆಹರೂ ತಾರಾಲಯವನ್ನು ಮಕ್ಕಳಿಗಾಗಿ ಕಟ್ಟಿ ಬೆಳೆಸಿದ ಅವರು, 2016ರ ಫೆಬ್ರವರಿಯಲ್ಲಿ ಈ ವಾರ್ತೆ ಪ್ರಕಟವಾದುದನ್ನು ಕಂಡು, 2017ರ ಜನವರಿಯಲ್ಲಿ ತೀರಿಕೊಂಡರು. ಟಾಟಾ ಅವರಿಗೆ ದೊರೆಯದ ಭಾಗ್ಯ ಇವರಿಗೆ ದೊರೆಯಿತು. ಗದ್ದಲದ ನಡುವೆ ಇಂಥ ಅಲೆಯನ್ನು ಜಾಲಾಡಿ ಹುಡುಕುವ ಗಣಿತವನ್ನು ಪುಣೆಯ ಸಂಜೀವ ಧುರಂಧರ್ ಅವರೂ, ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಬಿ. ಎಸ್. ಸತ್ಯಪ್ರಕಾಶ್ ಅವರೂ 1991ರಲ್ಲಿಯೇ ಬರೆದಿದ್ದರು. ರಾಮನ್ ಸಂಶೋಧನ ಸಂಸ್ಥೆಯ ಬಾಲಾ ಅಯ್ಯರ್ ಅವರು ಫ್ರಾನ್ಸಿನ ವಿಜ್ಞಾನಿಗಳೊಡನೆ ಕೂಡಿ ಆ ಅಲೆಯ ಆಕಾರವನ್ನು ಲೆಕ್ಕ ಹಾಕಿದರು. ಯಂತ್ರವು ಇನ್ನೂ ಕಾಗದದ ಮೇಲಿದ್ದಾಗ ಮಾಡಿಟ್ಟ ಕೆಲಸ ಇದು.

ಮೂರನೆಯ ಕಿವಿ ಏಕೆ?

ಕತ್ತಲೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರೆ ಒಂದು ಕಿವಿಯಿಂದ ದಿಕ್ಕು ತಿಳಿಯದು. ಎರಡಿದ್ದರೆ ಅಂದಾಜು ಸಿಕ್ಕುತ್ತದೆ. ದೂರದೂರದಲ್ಲಿ ಮೂರು ನಾಲ್ಕು ಕಿವಿಗಳಿದ್ದರೆ ಸ್ಥಳವನ್ನೇ ಬೆರಳಿಟ್ಟು ತೋರಿಸಬಹುದು. 2017ರ ಆಗಸ್ಟ್ 17ರಂದು ಅಮೇರಿಕದ ಎರಡು ಯಂತ್ರಗಳ ಜೊತೆಗೆ ಇಟಲಿಯ ವಿರ್ಗೋ ಯಂತ್ರವೂ ಸೇರಿದ್ದರಿಂದ, ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಹೊಡೆದ ಜಾಗವು ಆಕಾಶದ ಒಂದು ಸಣ್ಣ ತುಣುಕಿಗೆ ಇಳಿಯಿತು. ಲೋಕದ ಸುಮಾರು 70 ವೀಕ್ಷಣಾಲಯಗಳು ಅತ್ತ ತಿರುಗಿದವು. ನಮ್ಮ ಖೋಡದದ ಬಾಣಲೆಗಳೂ ಮುಂದೆ ಅದರ ರೇಡಿಯೋ ಹೊಳಪನ್ನು ಹಿಡಿದವು. ಚಿನ್ನದಂಥ ಭಾರವಾದ ಧಾತುಗಳು ಇಂಥ ಡಿಕ್ಕಿಯಲ್ಲಿ ಹುಟ್ಟುವುವೆಂಬುದಕ್ಕೆ ಅಂದು ಸಾಕ್ಷಿ ದೊರೆಯಿತು. ನಮ್ಮ ಹೆಣ್ಣುಮಕ್ಕಳ ಬಳೆಯಲ್ಲಿರುವ ಚಿನ್ನಕ್ಕೆ ಎಂಥ ಪೂರ್ವಚರಿತ್ರೆ!

ಭಾರತದಲ್ಲೊಂದು ಯಂತ್ರವಿದ್ದರೆ ಈ ಗುರುತು ಇನ್ನೂ ಖಚಿತವಾಗುತ್ತದೆ. ಈ ಯಂತ್ರವನ್ನು ಅಮೇರಿಕದವರು ಮೊದಲು 2010ರಲ್ಲಿ ಆಸ್ಟ್ರೇಲಿಯಕ್ಕೆ ಕೊಡಮಾಡಿದ್ದರು. ಕಟ್ಟಡಕ್ಕೆ ಬೇಕಾದ ಹಣವನ್ನು ಹೊಂದಿಸಲಾಗದೆ ಆ ದೇಶ 2011ರಲ್ಲಿ ಕೈಬಿಟ್ಟಿತು. ನಮ್ಮ ವಿಜ್ಞಾನಿಗಳು 2009ರಿಂದಲೇ ಒಂದು ಒಕ್ಕೂಟ ಕಟ್ಟಿಕೊಂಡು ಸಿದ್ಧರಾಗಿದ್ದುದರಿಂದ ಅವಕಾಶ ಇತ್ತ ತಿರುಗಿತು. 2016ರ ಫೆಬ್ರವರಿ 17ರಂದು ಕೇಂದ್ರ ಸಚಿವ ಸಂಪುಟ ತಾತ್ವಿಕವಾಗಿ ಒಪ್ಪಿತು. ಮಾರ್ಚ್ 31ರಂದು ಅಮೇರಿಕದೊಡನೆ ಒಪ್ಪಂದವಾಯಿತು. ಆದರೆ 2,600 ಕೋಟಿ ರೂಪಾಯಿಯ ಪೂರ್ಣ ಮಂಜೂರಾತಿ ದೊರೆತದ್ದು 2023ರ ಏಪ್ರಿಲ್ 6ರಂದು. ಏಳು ವರ್ಷ! ಒಪ್ಪಂದದ ವರ್ಷ ಸಂಶೋಧನೆಗೆ ಸೇರಿದ ಹುಡುಗನು ಅಷ್ಟರಲ್ಲಿ ಡಾಕ್ಟರೇಟು ಮುಗಿಸಿ ಬೇರೆ ದೇಶದಲ್ಲಿ ಕೆಲಸ ಹಿಡಿದಿರಬಹುದು. 2030ರ ಹೊತ್ತಿಗೆ ಯಂತ್ರವು ಕೆಲಸ ಮಾಡಬೇಕೆಂಬುದು ಮಂಜೂರಾತಿಯ ಕಾಲದ ಗುರಿ.

ಕೆಲಸದ ಹಂಚಿಕೆ ಹೀಗಿದೆ. ಲೇಸರು, 40 ಕಿಲೋ ತೂಕದ ಗಾಜಿನ ಕನ್ನಡಿಗಳು, ಅವನ್ನು ತೂಗುಬಿಡುವ ಸಾಧನಗಳು ಅಮೇರಿಕದ ಕಡೆಯಿಂದ ಬರಬೇಕು. ಅವೂ ಪೂರ್ತಿ ಅಮೇರಿಕದವಲ್ಲ. ಲೇಸರಿನ ಹಿಂದೆ ಜರ್ಮನಿಯ ಹ್ಯಾನೋವರಿನವರ, ತೂಗುದಾರದ ಹಿಂದೆ ಇಂಗ್ಲೆಂಡ್ ಸ್ಕಾಟ್ಲೆಂಡಿನವರ ದುಡಿಮೆಯಿದೆ. ನೆಲ, ಕಟ್ಟಡ, ನಿರ್ವಾತ ಕೊಳವೆಗಳು, ನಡೆಯಿಸುವ ಜನ ನಮ್ಮ ಕಡೆಯಿಂದ. ಗಾಂಧಿನಗರದ ಸಂಸ್ಥೆಯು ನಿರ್ವಾತವನ್ನೂ, ಇಂದೂರಿನದು ಬೆಳಕಿನ ಸಾಧನಗಳನ್ನೂ, ಪುಣೆಯ ಅಯುಕಾ ಸಂಸ್ಥೆಯು ಸ್ಥಳದ ಆಯ್ಕೆ, ಗಣಕ ಮತ್ತು ತರುಣರ ತರಬೇತಿಯನ್ನೂ ನೋಡಿಕೊಳ್ಳುತ್ತವೆ. ಕಟ್ಟಡದ ಹೊಣೆ ಅಣುಶಕ್ತಿ ಇಲಾಖೆಯದು.

ಸಾತಪುರ, ಅಂಬಡ, ವಾಳೂಜಗಳ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಬಾಂಧವರಿಗೆ ಕೊಳವೆಯ ಸಂಗತಿ ರುಚಿಸಬಹುದು. ಅಮೇರಿಕದ ಯಂತ್ರಗಳಲ್ಲಿ ಒಂದು ಮೀಟರಿಗೂ ಮಿಕ್ಕ ಅಗಲದ, ಕೇವಲ 3 ಮಿಲಿಮೀಟರು ದಪ್ಪದ ಸ್ಟೇನ್‌ಲೆಸ್ ಸ್ಟೀಲಿನ ಕೊಳವೆ, ಎರಡು ತೋಳಿಗೂ ಕೂಡಿ 8 ಕಿಲೋಮೀಟರು. ಅದರೊಳಗಿನ ಗಾಳಿಯನ್ನು ಹೊರಗಿನದರ ಲಕ್ಷ ಕೋಟಿಯಲ್ಲಿ ಒಂದು ಪಾಲಿಗೆ ಇಳಿಸಬೇಕು. ಎಲ್ಲಿಯಾದರೂ ಒಂದು ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಐನ್‌ಸ್ಟೈನನ ಗಣಿತವೂ ಕೈಕೊಡುತ್ತದೆ. ಬೆಸುಗೆಗಾರನ ಕೈ ನಡುಗಬಾರದು. ಅವನೂ ಈ ಸಂಶೋಧನೆಯ ಪಾಲುದಾರನೇ.

ಮೌನದ ಬೆಲೆ

ಇನ್ನು ನಾವು ಮೊದಲಿನಲ್ಲಿ ಹೇಳಿದ ಆ ಹೆಸರಿಲ್ಲದ ವಂತಿಗೆಯ ವಿಚಾರ. ಖೋಡದದ ಯಂತ್ರವು ಕೇಳುವ ರೇಡಿಯೋ ಪಿಸುಮಾತು ಅತಿ ಕ್ಷೀಣ. ಚಂದ್ರನ ಮೇಲೆ ಒಂದು ಮೊಬೈಲ್ ಫೋನನ್ನು ಇಟ್ಟರೆ, ಅದೇ ಆಕಾಶದ ಪ್ರಬಲ ರೇಡಿಯೋ ಆಕರಗಳಲ್ಲಿ ಒಂದಾಗಿ ಕಾಣುವುದೆನ್ನುತ್ತಾರೆ. ಹಾಗಿರುವಾಗ ಪಕ್ಕದಲ್ಲಿಯೇ ವಿದ್ಯುತ್ ಕಿಡಿ, ಮೋಟಾರು, ಫೋನಿನ ಗೋಪುರಗಳಿದ್ದರೆ ಗತಿಯೇನು? ಔಂಢಾದ ಯಂತ್ರಕ್ಕೆ ಬೇಕಾದುದು ಇನ್ನೊಂದು ಬಗೆಯ ಮೌನ, ನೆಲ ನಡುಗಬಾರದು. ಲಿವಿಂಗ್‌ಸ್ಟನ್ನಿನ ಯಂತ್ರಕ್ಕೆ ಸಮೀಪದ ರೈಲುಗಾಡಿಯ ಓಡಾಟವೂ ತೊಂದರೆ ಕೊಡುತ್ತದೆ. ಹ್ಯಾನ್‌ಫರ್ಡಿನಲ್ಲಿ 2017ರ ಬೇಸಗೆಯಲ್ಲಿ ವಿಚಿತ್ರವಾದ ಟಕಟಕ ಸದ್ದೊಂದು ದಾಖಲಾಗತೊಡಗಿತು. ಹುಡುಕಿದರೆ, ಬಾಯಾರಿದ ಕಾಗೆಗಳು ತಂಪು ಕೊಳವೆಯ ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಕುಕ್ಕುತ್ತಿದ್ದವು!

ಕಾಗೆಯನ್ನು ಓಡಿಸಬಹುದು, ನೆರೆಯವರನ್ನು ಓಡಿಸಲಾಗದು. ಪುಣೆ ನಾಸಿಕಗಳ ನಡುವೆ ಸುಮಾರು 235 ಕಿಲೋಮೀಟರಿನ ವೇಗದ ರೈಲು ಹಾದಿಯ ಯೋಜನೆಯನ್ನು ನಾವೆಲ್ಲರೂ ಆಸೆಯಿಂದ ಕೇಳಿದ್ದೆವು. ಸಂಗಮನೇರ, ನಾರಾಯಣಗಾಂವಗಳ ಮೇಲೆ ಹಾಯುವ ಆ ಹಾದಿಯಿಂದ ದೂರದರ್ಶಕಕ್ಕೆ ಬಾಧೆಯಾಗುವುದೆಂದು ವಿಜ್ಞಾನಿಗಳು ಆಕ್ಷೇಪಿಸಿದರು. ಸರ್ಕಾರವು ಶಿರಡಿಯ ಮೇಲಿಂದ ಸುತ್ತಿಹೋಗುವ ಮಾರ್ಗದ ಕಡೆಗೆ ತಿರುಗಿತು. ಸಂಗಮನೇರ, ನಾರಾಯಣಗಾಂವ ಕಡೆಯ ಜನರು ಮೂಲ ಮಾರ್ಗವೇ ಬೇಕೆಂದು ದನಿ ಎತ್ತಿದರು. ಪುಣೆಯಲ್ಲಿ ಓದುವ ಮಗಳನ್ನು ನೋಡಲು ಬಸ್ಸಿನಲ್ಲಿ ಐದಾರು ತಾಸು ಕುಲುಕಾಡಿ ಹೋಗುವ ನಾಸಿಕದ ತಾಯಿಗೆ ಆ ದನಿ ಅರ್ಥವಾಗುತ್ತದೆ.

ಇಲ್ಲಿ ಯಾರದು ಸರಿ? ನಮ್ಮ ಅಭಿಪ್ರಾಯವನ್ನು ಮರೆಮಾಚದೆ ಹೇಳುತ್ತೇವೆ. ರೈಲನ್ನು ಬೇರೆ ದಾರಿಯಿಂದ ಒಯ್ಯಬಹುದು. 25 ಕಿಲೋಮೀಟರು ಹರಡಿದ ಮೂವತ್ತು ಬಾಣಲೆಗಳನ್ನು ಕಿತ್ತು ಬೇರೆಡೆ ನೆಡಲಾಗದು. ಯಂತ್ರದ ಮೌನವನ್ನು ಕಾಯಲೇಬೇಕು. ಆದರೆ ಆ ಮೌನವು ಆಕಾಶದಿಂದ ಬಿದ್ದುದಲ್ಲ. ಕಾರ್ಖಾನೆ ಬಾರದೆ, ರೈಲು ಬಾರದೆ ಉಳಿದ ಹಳ್ಳಿಗಳು ಅದನ್ನು ದಿನದಿನವೂ ಕೊಡುತ್ತಿವೆ. ವಿಶ್ವವಿದ್ಯಾಲಯ, ಉದ್ಯಮ, ಸರ್ಕಾರ ಎಂದು ಮೂವರನ್ನೇ ಎಣಿಸಿ ಸಭೆಯಲ್ಲಿ ಹಾರ ಹಾಕಿದರೆ ಸಾಲದು. ನಾಲ್ಕನೆಯ ಪಾಲುದಾರರಾದ ಈ ನೆರೆಯವರ ವಂತಿಗೆಗೂ ರಸೀತಿ ಬರೆಯಬೇಕು. ಬದಲಿ ರೈಲುಮಾರ್ಗವನ್ನು ಮಾತಿನಲ್ಲಿ ಉಳಿಸದೆ ಬೇಗ ಹಾಕುವುದು ಒಂದು ರಸೀತಿ. ಔಂಢಾ, ಹಿಂಗೋಲಿಯ ಹುಡುಗ ಹುಡುಗಿಯರಿಗೆ ನಿರ್ವಾತ, ಬೆಸುಗೆ, ವಿದ್ಯುನ್ಮಾನಗಳ ತರಬೇತಿ ಕೊಟ್ಟು ಯಂತ್ರಶಾಲೆಯ ಒಳಗೆ ಕರೆದುಕೊಳ್ಳುವುದು ಇನ್ನೊಂದು. ಕಾವಲುಗಾರನ ಮತ್ತು ಕಸಗುಡಿಸುವವಳ ಕೆಲಸ ಮಾತ್ರ ಸ್ಥಳೀಯರಿಗೆಂದಾದರೆ ಅದು ರಸೀತಿಯಲ್ಲ, ತಪ್ಪು ಲೆಕ್ಕ.

ನೆರೆಯವರ ಒಲವು ಇಲ್ಲದಿದ್ದರೆ ಇಂಥ ಕೆಲಸ ಬಾಳಲಾರದೆಂಬುದಕ್ಕೆ ಇನ್ನೊಂದು ಕಾರಣವೂ ಉಂಟು. 2025ರಲ್ಲಿ ಅಮೇರಿಕದ ಆಯವ್ಯಯದ ಪ್ರಸ್ತಾಪದಲ್ಲಿಯೇ ಅಲ್ಲಿನ ಎರಡು ಲೈಗೋ ಯಂತ್ರಗಳಲ್ಲಿ ಒಂದನ್ನು ನಿಲ್ಲಿಸುವ ಮಾತು ಬಂದಿತ್ತು. ಬೊಕ್ಕಸದವರ ಮನಸ್ಸು ವರ್ಷವರ್ಷಕ್ಕೆ ತಿರುಗುತ್ತದೆ. ಜನರು ತಮ್ಮದೆಂದು ತಿಳಿದ ವಸ್ತುವನ್ನು ಮುಚ್ಚುವುದು ಸುಲಭವಲ್ಲ. ಯಾರದೋ ಎಂದು ತಿಳಿದುದನ್ನು ಮುಚ್ಚಿದರೆ ಕೇಳುವವರೇ ಇರುವುದಿಲ್ಲ.

ನಮ್ಮ ಪಾಲಿನದು

ಹೊರನಾಡಿನಿಂದ ಬಂದ ನಾವು ಇದರಲ್ಲಿ ಮಾಡುವುದೇನೆಂದು ಕೇಳಬಹುದು. ನಾಸಿಕವೂ ಸಂಭಾಜಿನಗರವೂ ನಮಗೆ ಅನ್ನ ಕೊಟ್ಟ ಊರುಗಳು. ಇಲ್ಲಿ ನಾವೂ ನೆರೆಯವರೇ. ಮೊದಲ ಕೆಲಸ, ಹೋಗಿ ನೋಡುವುದು. ರಾಮನ್ ಅವರ ಶೋಧದ ನೆನಪಿಗೆ ದೇಶವೆಲ್ಲ ಆಚರಿಸುವ ಫೆಬ್ರವರಿ 28ರ ವಿಜ್ಞಾನ ದಿನದ ಹೊತ್ತಿಗೆ ಖೋಡದದಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆದು, ಶಾಲೆ ಕಾಲೇಜುಗಳ ಮಕ್ಕಳ ವಿಜ್ಞಾನ ಪ್ರದರ್ಶನ ಏರ್ಪಡಿಸುವುದು ವಾಡಿಕೆ. ಸಂಘದ ವನಭೋಜನವನ್ನು ಒಂದು ವರ್ಷ ಆ ಕಡೆಗೆ ಇಟ್ಟುಕೊಳ್ಳಬಾರದೇಕೆ? ಬುತ್ತಿಯ ರೊಟ್ಟಿ ಚಟ್ನಿ ದ್ರಾಕ್ಷಿತೋಟದ ನೆರಳಿನಲ್ಲಿ ಇನ್ನೂ ರುಚಿಸೀತು. ಮೊಬೈಲ್ ಫೋನುಗಳನ್ನು ಮಾತ್ರ ಅಲ್ಲಿ ಆರಿಸಿಡಿರಿ. ಅದೇ ನಮ್ಮ ವಂತಿಗೆ.

ಎರಡನೆಯದು, ಮನೆಯ ಮಾತು. ಹತ್ತನೆಯ ಇಯತ್ತೆ ಮುಗಿಯುತ್ತಲೇ ಇಂಜಿನಿಯರ್, ಡಾಕ್ಟರ್ ಎಂಬ ಎರಡೇ ಬಾಗಿಲುಗಳನ್ನು ತೋರಿಸುವ ತಾಯಿತಂದೆಯರು ಮೂರನೆಯದೊಂದು ಇದೆಯೆಂದು ತಿಳಿಯಲಿ. ಐ.ಟಿ.ಐ. ಕಲಿತ ಹುಡುಗನಿಗೂ ಭೌತಶಾಸ್ತ್ರ ಕಲಿತ ಹುಡುಗಿಗೂ ಒಂದೇ ಆವರಣದಲ್ಲಿ ಕೆಲಸವಿರುವ ಸ್ಥಳಗಳು ಲೋಕದಲ್ಲಿ ಹೆಚ್ಚಿಲ್ಲ. ನಮಗೆ ಬಸ್ಸಿನ ದಾರಿಯಲ್ಲಿ ಎರಡು ಇವೆ.

ಮೂರನೆಯದು, ಮಾತಿನ ಸೇವೆ. ನಮ್ಮಲ್ಲಿ ಕನ್ನಡವನ್ನೂ ಮರಾಠಿಯನ್ನೂ ಸಮನಾಗಿ ಆಡುವ ಶಿಕ್ಷಕರು, ಉಪಾಧ್ಯಾಯಿನಿಯರು ಬೇಕಾದಷ್ಟು ಜನರಿದ್ದಾರೆ. ನೆರೆಯ ಹಳ್ಳಿಯ ಶಾಲೆಗೆ ಹೋಗಿ, ಈ ಬಾಣಲೆ ಏನನ್ನು ಕೇಳುತ್ತದೆ, ಈ ಕೊಳವೆ ಏನನ್ನು ಅಳೆಯುತ್ತದೆ ಎಂಬುದನ್ನು ಮಕ್ಕಳ ಭಾಷೆಯಲ್ಲಿ ತಿಳಿಹೇಳಬಲ್ಲವರು ಮುಂದೆ ಬರಲಿ. ವಿಶ್ವೇಶ್ವರರಂಥವರು ಕಪ್ಪುಕುಳಿಯ ಗಣಿತವನ್ನೂ ಬರೆದರು, ಮಕ್ಕಳಿಗೆ ತಾರೆಗಳನ್ನೂ ತೋರಿಸಿದರು. ಎರಡನ್ನೂ ಒಂದೇ ಕೆಲಸವೆಂದು ಬಗೆದರು.

ಹೋಗಿಬಂದ ಕುಟುಂಬಗಳು, ವಿಶೇಷವಾಗಿ ಮಕ್ಕಳು, ತಾವು ಕಂಡುದನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.